ಹಳೇ ಜಿಐ ಲೈನ್ ತೆಗೆಸುತ್ತಿದ್ದೇವೆ: ಫಿಟ್ಟಿಂಗ್ ಯಾವ ಲೋಹದ್ದು ಹಾಕಿಸುವುದು?

ವಿಜಯನಗರದ ಹಳೇ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯನ್ನು ತಂದೆಯವರು 1993ರಲ್ಲಿ ಕಟ್ಟಿಸಿದರು. ಸಂಪಿನಿಂದ ಮೇಲಿನ ಟ್ಯಾಂಕಿಗೆ ಏರುವ ಪೈಪು, ಅಲ್ಲಿಂದ ಇಳಿದು ಬಚ್ಚಲು, ಅಡುಗೆಮನೆ, ಹಿತ್ತಲಿನ ಒಗೆಯುವ ಕಲ್ಲಿನವರೆಗೂ ಬರುವ ಲೈನು, ಎಲ್ಲವೂ ಜಿಐ, ಅಂದರೆ ಸತುವಿನ ಲೇಪನ ಕೊಟ್ಟ ಕಬ್ಬಿಣ. ಎರಡು ವರ್ಷಗಳಿಂದ ಬೆಳಗಿನ ಮೊದಲ ಬಕೆಟ್ ನೀರು ತೆಳು ಡಿಕಾಕ್ಷನ್ನಿನ ಬಣ್ಣದಲ್ಲಿ ಬರುತ್ತಿದೆ. ಕಳೆದ ತಿಂಗಳು ಮೆಟ್ಟಿಲ ಕೆಳಗಿನ ಒಂದು ಟೀ (ಮೂರು ಪೈಪು ಸೇರುವ ಫಿಟ್ಟಿಂಗ್) ಸೋರತೊಡಗಿತು. ಪ್ಲಂಬರ್ ರೆಂಚ್ ಹಾಕಿ ತಿರುಗಿಸಿದ್ದೇ ತಡ, ಪೈಪಿನ ಥ್ರೆಡ್ (ತಿರುಪಿನ ಗೆರೆಗಳಿರುವ ತುದಿ) ನೆನೆದ ಬಿಸ್ಕತ್ತಿನಂತೆ ಕಳಚಿ ಅವರ ಕೈಗೆ ಬಂತು. ಒಳಗೆ ಇಣುಕಿದರೆ ಅರ್ಧ ಇಂಚಿನ ಪೈಪಿನಲ್ಲಿ ಪೆನ್ಸಿಲ್ ತೂರುವಷ್ಟು ದಾರಿಯೂ ಉಳಿದಿರಲಿಲ್ಲ.

ಪೂರ್ತಿ ಬದಲಿಸಬೇಕೆಂದು ನಿರ್ಧರಿಸಿದ್ದೇವೆ. ಆದರೆ ಕೇಳಿದ ಮೂವರು ಮೂರು ಮಾತು ಹೇಳುತ್ತಾರೆ. ನಮ್ಮ ಪ್ಲಂಬರ್ ಮತ್ತೆ ಜಿಐ ಹಾಕಿಸಿ ಎನ್ನುತ್ತಾರೆ, ಹಾರ್ಡ್‌ವೇರ್ ಅಂಗಡಿಯವರು ಫಿಟ್ಟಿಂಗ್ ಎಲ್ಲ ಹಿತ್ತಾಳೆಯದೇ ಇರಲಿ ಎನ್ನುತ್ತಾರೆ, ಭಾವನವರು ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ ಎನ್ನುತ್ತಾರೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಕೊರತೆಯನ್ನು ಬೋರ್‌ವೆಲ್ ತುಂಬುತ್ತದೆ, ಎರಡೂ ಒಂದೇ ಸಂಪಿನಲ್ಲಿ ಬೆರೆಯುತ್ತವೆ. ಸಂಪಿನ ನೀರನ್ನು ಪರೀಕ್ಷೆ ಮಾಡಿಸಿದಾಗ ಲೀಟರಿಗೆ ಗಡಸುತನ 430, ಕ್ಲೋರೈಡ್ 180, ಟಿಡಿಎಸ್ (ಕರಗಿದ ಲವಣಗಳ ಒಟ್ಟು ಮೊತ್ತ) 820 ಮಿ.ಗ್ರಾಂ., ಪಿಎಚ್ 7.2 ಎಂದು ಬಂದಿದೆ. ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಬಸವನಗುಡಿ ಬಾಡಿಗೆದಾರ

ಲೋಹದ ಸಹವಾಸವೇ ಬೇಡ, ಇಡೀ ಮನೆಗೆ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿ ನೆಮ್ಮದಿಯಾಗಿರಿ.

ಯಲಹಂಕದ ಗುತ್ತಿಗೆದಾರ

ಬಾಡಿಗೆದಾರರೇ, ಅವರು ಕೇಳಿರುವುದು ಲೋಹದ ಫಿಟ್ಟಿಂಗ್ ಬಗ್ಗೆ. ಅದೂ ಅಲ್ಲದೆ ಸಿಪಿವಿಸಿ ಹಾಕಿಸಿದರೂ ಲೋಹ ತಪ್ಪುವುದಿಲ್ಲ. ನಲ್ಲಿ, ಗೀಸರ್, ವಾಲ್ ಮಿಕ್ಸರ್ ಕೂರುವಲ್ಲೆಲ್ಲ ಹಿತ್ತಾಳೆ ಥ್ರೆಡ್ ಕೂರಿಸಿದ ಎಲ್ಬೋ (ಪೈಪು ತಿರುಗುವಲ್ಲಿನ ಫಿಟ್ಟಿಂಗ್) ಬೇಕು, ಸೋರುವುದೂ ಬಹುಮಟ್ಟಿಗೆ ಅಲ್ಲಿಯೇ.

ನಾನು ಮೂವತ್ತು ವರ್ಷಗಳಿಂದ ಈ ಕೆಲಸ ಮಾಡಿಸುತ್ತಿದ್ದೇನೆ ಮತ್ತು ಜಿಐ ಪರವಾಗಿಯೇ ಮಾತನಾಡುತ್ತೇನೆ. ಜನ ಜಿಐ ಕೆಟ್ಟದ್ದು ಎನ್ನುವುದು ಅಗ್ಗದ ಜಿಐ ಹಾಕಿಸಿದ ಮೇಲೆ. ಐಎಸ್ 1239 ಎಂಬ ಭಾರತೀಯ ಮಾನಕದ ಪೈಪಿಗೆ ಮೂರು ದರ್ಜೆಗಳಿವೆ: ಹಳದಿ ಪಟ್ಟಿಯದು ಎ ಕ್ಲಾಸ್, ನೀಲಿ ಪಟ್ಟಿಯದು ಬಿ, ಕೆಂಪು ಪಟ್ಟಿಯದು ಸಿ. ಅರ್ಧ ಇಂಚಿನ ಪೈಪಿನ ದಪ್ಪ ಇವುಗಳಲ್ಲಿ ಕ್ರಮವಾಗಿ 2.0, 2.6 ಮತ್ತು 3.2 ಮಿ.ಮೀ. ಡೈ ಹಾಕಿ ಥ್ರೆಡ್ ಕೊರೆದಾಗ ಅದರಲ್ಲಿ ಸುಮಾರು 1.2 ಮಿ.ಮೀ. ಹೋಗುತ್ತದೆ. ಅಂದರೆ ಎ ಕ್ಲಾಸ್ ಪೈಪಿನ ಥ್ರೆಡ್ಡಿನ ಬುಡದಲ್ಲಿ ಉಳಿಯುವುದು 0.8 ಮಿ.ಮೀ. ಆಸುಪಾಸು, ಸಿ ಕ್ಲಾಸ್‌ನಲ್ಲಿ 2 ಮಿ.ಮೀ. ಕೊರೆದ ಜಾಗದಲ್ಲಿ ಸತುವಿನ ಲೇಪನವೂ ಇರುವುದಿಲ್ಲ. ಪೈಪು ಯಾವಾಗಲೂ ಥ್ರೆಡ್ಡಿನಲ್ಲೇ ಮುರಿಯುವುದು ಇದಕ್ಕೇ ಹೊರತು ಲೋಹ ಕೆಟ್ಟದ್ದೆಂದಲ್ಲ.

ಫಿಟ್ಟಿಂಗ್ ವಿಷಯಕ್ಕೆ ಬಂದರೆ, ಐಎಸ್ 1879 ಗುರುತಿರುವ ಮ್ಯಾಲಿಯಬಲ್ ಕಬ್ಬಿಣದ ಎಲ್ಬೋ, ಟೀ ತೆಗೆದುಕೊಳ್ಳಿ. ಅದರ ಬಾಯಿಯ ಸುತ್ತ ಬಳೆಯಂತೆ ದಪ್ಪ ಅಂಚಿರುತ್ತದೆ. ಒಳಗಿನ ಥ್ರೆಡ್ಡಿಗೆ ಬೆರಳಾಡಿಸಿ, ತರಿ ಸಿಕ್ಕಿದರೆ ವಾಪಸ್ ಕೊಡಿ.

ಮಲ್ಲೇಶ್ವರದ ನಿವೃತ್ತ ಲೋಹತಜ್ಞ

ಗುತ್ತಿಗೆದಾರರು ಹೇಳಿದ ಲೆಕ್ಕ ಸರಿಯಾಗಿದೆ, ಆದರೆ ಅದು ಅರ್ಧ ಕಥೆ. ಲೋಹ ಯಾವುದು ಒಳ್ಳೆಯದು ಎಂದು ಕೇಳುವ ಬದಲು, ಯಾವ ಲೋಹದ ಪಕ್ಕದಲ್ಲಿ ಯಾವ ಲೋಹ ಕೂರುತ್ತದೆ, ನೀರು ಯಾವುದರಿಂದ ಯಾವುದರೊಳಕ್ಕೆ ಹರಿಯುತ್ತದೆ ಎಂದು ಕೇಳಬೇಕು.

ನೀರಿನಲ್ಲಿ ಮುಳುಗಿ ಒಂದಕ್ಕೊಂದು ತಾಗಿಕೊಂಡಿರುವ ಎರಡು ಲೋಹಗಳು ಒಂದು ಸಣ್ಣ ಬ್ಯಾಟರಿಯೇ ಆಗುತ್ತವೆ, ಆ ಜೋಡಿಯಲ್ಲಿ ಒಂದು ಸವೆಯುತ್ತದೆ, ಇನ್ನೊಂದು ಉಳಿದುಕೊಳ್ಳುತ್ತದೆ. ಸವೆಯುವ ಕ್ರಮದಲ್ಲಿ ಸತು ಮೊದಲು, ನಂತರ ಕಬ್ಬಿಣ, ಆಮೇಲೆ ಹಿತ್ತಾಳೆ, ತಾಮ್ರ, ಕೊನೆಗೆ ಸ್ಟೇನ್‌ಲೆಸ್ ಸ್ಟೀಲ್. ಜಿಐ ಎಂದರೆ ಸತುವಿನ ಅಂಗಿ ತೊಟ್ಟ ಕಬ್ಬಿಣ. ಸತು ತಾನು ಕರಗಿ ಕಬ್ಬಿಣವನ್ನು ಕಾಯುವುದು ಇದೇ ನಿಯಮದ ಒಳ್ಳೆಯ ಮುಖ. ಕೆಟ್ಟ ಮುಖವೆಂದರೆ, ಉದ್ದನೆಯ ಸ್ಟೇನ್‌ಲೆಸ್ ಪೈಪಿನ ನಡುವೆ ಎರಡು ಇಂಚಿನ ಒಂದು ಜಿಐ ನಿಪ್ಪಲ್ (ಎರಡೂ ತುದಿಗೆ ಥ್ರೆಡ್ ಇರುವ ಗಿಡ್ಡ ಪೈಪು) ಹಾಕಿದರೆ, ಇಡೀ ಪೈಪಿನ ಸಾಲವನ್ನು ಆ ನಿಪ್ಪಲ್ ಒಂದೇ ತೀರಿಸಬೇಕಾಗುತ್ತದೆ. ಉದ್ದನೆಯ ಜಿಐ ಲೈನಿನಲ್ಲಿ ಒಂದೇ ಒಂದು ಹಿತ್ತಾಳೆ ವಾಲ್ವ್ ಇದ್ದರೆ ಅಷ್ಟು ಅಪಾಯವಿಲ್ಲ, ಏಕೆಂದರೆ ಸವೆತ ಹಂಚಿಹೋಗುತ್ತದೆ.

ತಾಮ್ರದ ವಿಷಯದಲ್ಲಿ ತಾಗದಿದ್ದರೂ ತೊಂದರೆ. ತಾಮ್ರದ ಮೂಲಕ ಹರಿದ ನೀರು ಲೇಶಮಾತ್ರ ತಾಮ್ರವನ್ನು ಕರಗಿಸಿಕೊಂಡು ಬಂದು ಮುಂದಿನ ಜಿಐ ಪೈಪಿನ ಗೋಡೆಗೆ ಕೂರಿಸುತ್ತದೆ, ಅಂಥ ಒಂದೊಂದು ಚುಕ್ಕೆಯ ಸುತ್ತಲೂ ಪೈಪು ಗುಳಿ ಬೀಳುತ್ತದೆ. ಆದ್ದರಿಂದ ಮೊದಲು ಜಿಐ, ಆಮೇಲೆ ತಾಮ್ರ ಬಂದರೆ ನಡೆಯುತ್ತದೆ, ಮೊದಲು ತಾಮ್ರ, ಆಮೇಲೆ ಜಿಐ ಬರಕೂಡದು.

ನಿಮ್ಮ ಮನೆಯ ಮೇಲೆ ಸೋಲಾರ್ ಇದೆಯೇ? ಇದ್ದರೆ ಅದು ತಾಮ್ರದ ಫಲಕದ್ದೋ, ಗಾಜಿನ ನಳಿಕೆಯದೋ ತಿಳಿಸಿ.

ಜೆ.ಪಿ.ನಗರದ ಗೃಹಿಣಿ

ನನ್ನ ಅನುಭವ ಹಿತ್ತಾಳೆಯದು, ಅಥವಾ ಹಿತ್ತಾಳೆಯೆಂದು ನಾನು ನಂಬಿದ್ದರದು. ಹೋದ ವರ್ಷ ಬಚ್ಚಲು ರಿಪೇರಿ ಮಾಡಿಸುವಾಗ ಎಸ್.ಜೆ.ಪಿ. ರಸ್ತೆಯಿಂದ ಹದಿನಾರು ಎಲ್ಬೋ ತಂದಿದ್ದೆವು, ಎರಡು ಅಂಗಡಿಗಳಲ್ಲಿ ಎಂಟೆಂಟು. ಎಲ್ಲವೂ ಜಾಮ್‌ನಗರದ ಅಸಲಿ ಮಾಲು ಎಂದು ಇಬ್ಬರೂ ಹೇಳಿದರು. ಎರಡರ ಮೇಲೂ ಒಂದೇ ಬಗೆಯ ಕ್ರೋಮ್ ಹೊಳಪು. ಆದರೆ ಕೈಯಲ್ಲಿ ಹಿಡಿದಾಗ ಒಂದು ಅಂಗಡಿಯದು ಸ್ವಲ್ಪ ಹಗುರ ಅನ್ನಿಸಿತು.

ಶಾಲೆಯಲ್ಲಿ ಕಲಿತದ್ದು ನೆನಪಾಗಿ ಅಡುಗೆಮನೆಯ ಡಿಜಿಟಲ್ ತಕ್ಕಡಿ ತೆಗೆದೆ. ಮೊದಲ ಎಲ್ಬೋ ಒಣಗಿದ್ದಾಗ 118 ಗ್ರಾಂ ತೂಗಿತು. ಆಮೇಲೆ ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆ ಮಾಡಿ, ಹೂ ಕಟ್ಟುವ ದಾರದಲ್ಲಿ ಎಲ್ಬೋವನ್ನು ತಳ ತಾಗದಂತೆ ನೀರಿಗೆ ಇಳಿಬಿಟ್ಟೆ. ತಕ್ಕಡಿ 14 ಗ್ರಾಂ ತೋರಿಸಿತು. 118ನ್ನು 14ರಿಂದ ಭಾಗಿಸಿದರೆ 8.4. ಎರಡನೆಯದು ಒಣಗಿದ್ದಾಗ 96, ನೀರಿನಲ್ಲಿ 14.5 ತೋರಿಸಿತು, ಅಂದರೆ 6.6. ಹಿತ್ತಾಳೆಯ ಸಾಂದ್ರತೆ 8.4ರಿಂದ 8.5ರವರೆಗೆ ಇರುತ್ತದೆ, 6.6 ಎನ್ನುವುದು ಅಚ್ಚು ಹೊಯ್ದ ಸತುವಿನ ಮಿಶ್ರಲೋಹದ ಅಂಕಿ. ಯಜಮಾನರು ಅರದಿಂದ ಅದರ ಥ್ರೆಡ್ಡಿನ ಅಂಚನ್ನು ಉಜ್ಜಿದರು. ಒಳಗೆ ಹಳದಿ ಬಣ್ಣವಿರಲಿಲ್ಲ, ಹಳೆಯ ಅಲ್ಯೂಮಿನಿಯಂ ಪಾತ್ರೆಯಂತೆ ಬೂದಿ ಬಣ್ಣವಿತ್ತು. ಎಂಟನ್ನೂ ಹಿಂತಿರುಗಿಸಿದೆವು. ಅಂಗಡಿಯವರು ಮಾತನಾಡದೆ ದುಡ್ಡು ಕೊಟ್ಟರು, ಅದೇ ಸಾಕ್ಷಿ.

ಎಸ್.ಜೆ.ಪಿ. ರಸ್ತೆ ಗಿರಾಕಿ

ಮೇಡಂ, ಇಷ್ಟೆಲ್ಲ ಪ್ರಯೋಗ ಏಕೆ? ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ. ಅಂಟಿದರೆ ನಕಲಿ, ಅಂಟದಿದ್ದರೆ ಅಸಲಿ. ಸ್ಟೀಲಿಗೂ ಇದೇ ಪರೀಕ್ಷೆ ಸಾಕು.

ಮಲ್ಲೇಶ್ವರದ ನಿವೃತ್ತ ಲೋಹತಜ್ಞ

ಕ್ಷಮಿಸಿ, ಈ ಮ್ಯಾಗ್ನೆಟ್ ನಂಬಿಕೆ ಬಹಳ ಜನರಿಗೆ ಮೋಸ ಮಾಡಿದೆ. ಸತುವಿಗೂ ಮ್ಯಾಗ್ನೆಟ್ ಅಂಟುವುದಿಲ್ಲ, ಹಿತ್ತಾಳೆಗೂ ಅಂಟುವುದಿಲ್ಲ, ಹಾಗಾಗಿ ಮೇಡಂ ತಂದ ಎರಡು ಎಲ್ಬೋಗಳನ್ನು ಅದು ಬೇರೆ ಮಾಡುತ್ತಿರಲಿಲ್ಲ. ಅವರ ತಕ್ಕಡಿಯೇ ಸರಿಯಾದ ದಾರಿ.

ಸ್ಟೇನ್‌ಲೆಸ್‌ನಲ್ಲಂತೂ ಇದು ಇನ್ನೂ ಅಪಾಯಕರ. 304 ಎಂಬ ದರ್ಜೆಯ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. 202 ದರ್ಜೆಯಲ್ಲಿ ದುಬಾರಿಯಾದ ನಿಕ್ಕಲ್ಲನ್ನು 4ರಿಂದ 6 ಭಾಗಕ್ಕೆ ಇಳಿಸಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಎರಡಕ್ಕೂ ಮ್ಯಾಗ್ನೆಟ್ ಅಂಟುವುದಿಲ್ಲ, ಆದರೆ 202 ಬಲುಬೇಗ ತುಕ್ಕಿನ ಚುಕ್ಕೆ ಬಿಡುತ್ತದೆ. ಇದಕ್ಕೆ ವಿರುದ್ಧವಾಗಿ, ಅಸಲಿ 304 ಪೈಪನ್ನು ಬಗ್ಗಿಸಿದ ಅಥವಾ ಥ್ರೆಡ್ ಕೊರೆದ ಜಾಗದಲ್ಲಿ ಮ್ಯಾಗ್ನೆಟ್ ಸ್ವಲ್ಪ ಎಳೆಯುವುದುಂಟು. ನೀವು ಒಳ್ಳೆಯದನ್ನು ತಿರಸ್ಕರಿಸಿ ಕೆಟ್ಟದ್ದನ್ನು ಕೊಂಡು ತರುತ್ತೀರಿ. 202 ಪತ್ತೆಗೆ ಒಂದು ಹನಿ ಹಾಕಿ ಬಣ್ಣ ನೋಡುವ ಮ್ಯಾಂಗನೀಸ್ ದ್ರಾವಣ ಸಿಗುತ್ತದೆ, ಅದನ್ನು ಬಳಸಿ.

ಎಸ್.ಜೆ.ಪಿ. ರಸ್ತೆ ಗಿರಾಕಿ

ಸರಿ ಸರ್, ಒಪ್ಪಿದೆ. ಆದರೆ ಮ್ಯಾಗ್ನೆಟ್ ಪೂರ್ತಿ ನಿಷ್ಪ್ರಯೋಜಕ ಎನ್ನಬೇಡಿ, ಹಿತ್ತಾಳೆ ನೀರು ಕೊಟ್ಟ ಕಬ್ಬಿಣದ ನಿಪ್ಪಲ್‌ಗಳನ್ನು ನಾನು ಅದರಿಂದಲೇ ಹಿಡಿದಿದ್ದೇನೆ.

ವೈಟ್‌ಫೀಲ್ಡ್ ಅಪಾರ್ಟ್‌ಮೆಂಟ್ ಕಾರ್ಯದರ್ಶಿ

ಸ್ಟೇನ್‌ಲೆಸ್ ಹಾಕಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ ಎಂಬ ಮಾತಿಗೆ ನಮ್ಮ ಕಟ್ಟಡದ ಕಥೆಯನ್ನು ಹೇಳಬೇಕು. ಪಂಪ್ ಕೋಣೆಯ ಹೆಡರ್ ಪೈಪು, ಎಲ್ಬೋ, ಫ್ಲೇಂಜ್ ಎಲ್ಲವನ್ನೂ 304ರಲ್ಲೇ ಮಾಡಿಸಿದ್ದೆವು, ಪರೀಕ್ಷಾ ಪ್ರಮಾಣಪತ್ರವೂ ನಮ್ಮಲ್ಲಿದೆ. ಮೂರನೆಯ ವರ್ಷಕ್ಕೆ ಬೆಸುಗೆಯ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತುಗಳಿಂದ ನೀರು ಬೆವರತೊಡಗಿತು. ಸರಬರಾಜುದಾರರು ನೀರು ಸರಿಯಿಲ್ಲ ಎಂದರು, ನಾವು ಮಾಲು ಸರಿಯಿಲ್ಲ ಎಂದೆವು, ನಾಲ್ಕು ತಿಂಗಳು ಪತ್ರವ್ಯವಹಾರವೇ ಆಯಿತು.

ಕೊನೆಗೆ ಕಾರಣ ಸಿಕ್ಕಿದ್ದು ಪಕ್ಕದಲ್ಲೇ ಇದ್ದ, ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್‌ನಲ್ಲಿ. ಅದನ್ನು ವಾರಕ್ಕೆ ಎರಡು ಬಾರಿ ಉಪ್ಪುನೀರಿನಿಂದ ತೊಳೆಯುತ್ತಾರೆ. ಕಾವಲುಗಾರರು ರಾತ್ರಿ ಪಾಳಿಯಲ್ಲಿ ತೊಳೆದು, ಉಪ್ಪು ಪೂರ್ತಿ ಹೊರಹೋಗುವ ಮುನ್ನವೇ ವಾಲ್ವ್ ತಿರುಗಿಸಿ ಮಲಗುತ್ತಿದ್ದರು. ಆ ಉಪ್ಪುನೀರು ಬೆಳಗಿನವರೆಗೂ ಪೈಪಿನಲ್ಲಿ ನಿಂತಿರುತ್ತಿತ್ತು.

ಮಲ್ಲೇಶ್ವರದ ನಿವೃತ್ತ ಲೋಹತಜ್ಞ

ಕಾರ್ಯದರ್ಶಿಗಳು ಹೇಳಿದ್ದು ಅಪ್ಪಟ ಉದಾಹರಣೆ. ಸ್ಟೇನ್‌ಲೆಸ್ ಸ್ಟೀಲಿನ ವೈರಿ ಕ್ಲೋರೈಡ್. ಸಾಮಾನ್ಯ ಉಷ್ಣಾಂಶದ ಕುಡಿಯುವ ನೀರಿನಲ್ಲಿ 304ಕ್ಕೆ ಲೀಟರಿಗೆ ಸುಮಾರು 200 ಮಿ.ಗ್ರಾಂ. ಕ್ಲೋರೈಡ್‌ವರೆಗೆ, 316 ಎಂಬ ಇನ್ನೊಂದು ದರ್ಜೆಗೆ ಸುಮಾರು 1000ದವರೆಗೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಪಾಲಿಸುವ ಮಿತಿ. 316ರಲ್ಲಿ 2ರಿಂದ 3 ಭಾಗ ಮಾಲಿಬ್ಡಿನಮ್ ಇರುವುದೇ ಈ ವ್ಯತ್ಯಾಸಕ್ಕೆ ಕಾರಣ. ನೀರು ಬಿಸಿಯಾದಂತೆ ಈ ಮಿತಿ ಕೆಳಗಿಳಿಯುತ್ತದೆ, ಥ್ರೆಡ್ಡಿನ ಸಂದಿಯಂತಹ ಇಕ್ಕಟ್ಟಿನಲ್ಲಿ ಇನ್ನೂ ಇಳಿಯುತ್ತದೆ. ಪ್ರಶ್ನೆ ಕೇಳಿದವರ ನೀರಿನಲ್ಲಿ 180 ಇದೆ. ತಣ್ಣೀರಿಗೆ 304 ಅಂಚಿನಲ್ಲಿ ಪಾಸು, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿಸಿದರೆ ಅದೂ ಇಲ್ಲ. ಕುಡಿಯುವ ನೀರಿನ ಮಾನಕವಾದ ಐಎಸ್ 10500 ಕ್ಲೋರೈಡನ್ನು 250ರವರೆಗೆ ಸ್ವೀಕಾರಾರ್ಹ ಎಂದೂ ಬೇರೆ ಮೂಲವಿಲ್ಲದಿದ್ದರೆ 1000ದವರೆಗೆ ಸಹಿಸಬಹುದು ಎಂದೂ ಹೇಳುತ್ತದೆ. ನಾಲಿಗೆಗೆ ಒಪ್ಪಿಗೆಯಾದ ನೀರು ಪೈಪಿಗೂ ಒಪ್ಪಿಗೆಯಾಗಬೇಕೆಂದಿಲ್ಲ.

ರಾಜರಾಜೇಶ್ವರಿ ನಗರದ ಹೊಸ ಮನೆ

ಕ್ಲೋರೈಡ್ ನೀರಿನಿಂದಲೇ ಬರಬೇಕಾಗಿಲ್ಲ. ಗೃಹಪ್ರವೇಶದ ಹಿಂದಿನ ವಾರ ಟೈಲ್ಸ್ ಮೇಲಿನ ಸಿಮೆಂಟ್ ಕಲೆ ತೆಗೆಯಲು ಕೆಲಸದವರು ಆಸಿಡ್ ಸುರಿದು, ಕಿಟಕಿ ಮುಚ್ಚಿಕೊಂಡು ಉಜ್ಜಿದರು. ಪೂಜೆಯ ದಿನ ನೋಡಿದರೆ ಸ್ಟೇನ್‌ಲೆಸ್ ಆಂಗಲ್ ಕಾಕ್‌ಗಳ ಮೇಲೆ ಕುಂಕುಮ ಚೆಲ್ಲಿದಂತೆ ಕೆಂಪು ಚುಕ್ಕೆಗಳು. ಆ ಆಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಮ್ಲ, ಅದರ ಹೊಗೆಯೊಂದೇ ಸಾಕಂತೆ. ಫಿಟ್ಟಿಂಗ್ ಕೂರಿಸುವ ಮೊದಲೇ ಆಸಿಡ್ ಕೆಲಸ ಮುಗಿಸಿ, ಚೆನ್ನಾಗಿ ನೀರು ಹೊಡೆಸಿ.

ಜೆ.ಪಿ.ನಗರದ ಗೃಹಿಣಿ

ಹಾಗಾದರೆ ಅಸಲಿ ಹಿತ್ತಾಳೆ ಸಿಕ್ಕಿದರೆ ಅದೇ ಎಲ್ಲಕ್ಕಿಂತ ಮೇಲು ಎಂದಾಯಿತಲ್ಲವೇ?

ಮಲ್ಲೇಶ್ವರದ ನಿವೃತ್ತ ಲೋಹತಜ್ಞ

ಬಹುಮಟ್ಟಿಗೆ ಹೌದು, ಎರಡು ಷರತ್ತುಗಳೊಂದಿಗೆ. ಸಾಮಾನ್ಯ ಫಿಟ್ಟಿಂಗ್ ಹಿತ್ತಾಳೆಯಲ್ಲಿ ಹೆಚ್ಚುಕಡಿಮೆ 60 ಭಾಗ ತಾಮ್ರ, 40 ಭಾಗ ಸತು. ಕೆಲವು ನೀರುಗಳು, ಅದರಲ್ಲೂ ನಿಂತ ಬಿಸಿನೀರು, ಅದರಿಂದ ಸತುವನ್ನು ಮಾತ್ರ ಹೆಕ್ಕಿ ತೆಗೆಯುತ್ತವೆ. ಆಕಾರವೇನೂ ಬದಲಾಗದೆ ಒಳಗೆ ನಸುಗೆಂಪು ಬಣ್ಣದ, ಸ್ಪಂಜಿನಂತಹ ತಾಮ್ರ ಉಳಿಯುತ್ತದೆ. ಹಳೆಯ ಬಾಲ್ ವಾಲ್ವಿನ ಕಾಂಡ ಕೈಯಲ್ಲೇ ಮುರಿದು, ಮುರಿದ ಜಾಗ ಗುಲಾಬಿ ಬಣ್ಣವಿದ್ದರೆ ಇದೇ ಕಾರಣ. ಗನ್‌ಮೆಟಲ್ಲಿಗೆ ಈ ಕಾಯಿಲೆ ಇಲ್ಲ, ಏಕೆಂದರೆ ಅದರಲ್ಲಿ ತಾಮ್ರ ಸುಮಾರು 85 ಭಾಗ, ತವರ, ಸತು, ಸೀಸ ತಲಾ 5 ಭಾಗ. ಬೆಲೆ ಹೆಚ್ಚು, ಆದ್ದರಿಂದ ಗೋಡೆಯೊಳಗೆ ಹೂತುಹೋಗುವ ಮುಖ್ಯ ವಾಲ್ವ್‌ಗೆ ಮಾತ್ರ ಹಾಕಿಸಿದರೂ ಸಾಕು.

ಎರಡನೆಯದು, ಬಿಗಿ ಮಾಡುವ ಕೈ. ಅತಿಯಾಗಿ ಬಿಗಿದ ಹಿತ್ತಾಳೆ ನಟ್ ಅಮೋನಿಯದ ಸೋಂಕಿಗೆ ಬಿರುಕು ಬಿಡುತ್ತದೆ. ಶೌಚಾಲಯದ ಕನೆಕ್ಷನ್ ಪೈಪಿನ ನಟ್ ಇದ್ದಕ್ಕಿದ್ದಂತೆ ಸೀಳುವುದನ್ನು ನೀವು ನೋಡಿರಬಹುದು.

ಬಸವನಗುಡಿ ಬಾಡಿಗೆದಾರ

ಸೀಸ ಎಂದಿರಿ. ಕುಡಿಯುವ ನೀರಿಗೆ ಸೀಸವೇ?

ಮಲ್ಲೇಶ್ವರದ ನಿವೃತ್ತ ಲೋಹತಜ್ಞ

ಕಡೆಯಲು ಸುಲಭವಾಗಲೆಂದು ಹಿತ್ತಾಳೆಗೂ 2ರಿಂದ 3 ಭಾಗ ಸೀಸ ಸೇರಿಸುವುದು ಹಳೆಯ ಪದ್ಧತಿ. ನೀರಿನಲ್ಲಿ ಸೀಸಕ್ಕೆ ನಮ್ಮ ಮಾನಕದ ಮಿತಿ ಲೀಟರಿಗೆ 0.01 ಮಿ.ಗ್ರಾಂ. ಅಮೆರಿಕ 2014ರ ಜನವರಿಯಿಂದ ಕುಡಿಯುವ ನೀರಿನ ಫಿಟ್ಟಿಂಗ್‌ಗಳಲ್ಲಿ ನೀರು ತಾಗುವ ಮೈಯ ಸೀಸವನ್ನು ಸರಾಸರಿ ಶೇ. 0.25ಕ್ಕೆ ಮಿತಿಗೊಳಿಸಿದೆ. ಗಾಬರಿಪಡಬೇಕಾಗಿಲ್ಲ. ರಾತ್ರಿಯೆಲ್ಲ ನಿಂತ ಮೊದಲ ನೀರನ್ನು ಗಿಡಕ್ಕೆ ಹಾಕಿ, ಅಡುಗೆಗೆ ಬಿಸಿನೀರಿನ ನಲ್ಲಿಯಿಂದ ಹಿಡಿಯಬೇಡಿ.

ವಿಜಯನಗರದ ಹಳೇ ಮನೆ

ಎರಡು ದಿನ ಉತ್ತರಿಸಲಾಗಲಿಲ್ಲ, ಕ್ಷಮಿಸಿ. ಲೋಹತಜ್ಞರು ಸೋಲಾರ್ ಬಗ್ಗೆ ಕೇಳಿದ ಮೇಲೆ ಟಾರಸಿ ಹತ್ತಿ ನೋಡಿದೆ. ನಮ್ಮದು 200 ಲೀಟರಿನದು, ತಾಮ್ರದ ಫಲಕದ್ದು, 2011ರಲ್ಲಿ ಹಾಕಿಸಿದ್ದು. ಅಲ್ಲಿಂದ ಇಳಿಯುವ ಬಿಸಿನೀರಿನ ಜಿಐ ಲೈನನ್ನು ಹಿಡಿದುಕೊಂಡು ಕೆಳಗೆ ಬಂದರೆ, ಅದು ಬಂದು ಸೇರಿದ್ದು ಮೆಟ್ಟಿಲ ಕೆಳಗಿನ ಅದೇ ಟೀಗೆ.

ಅಂದರೆ ಪುಡಿಯಾದ ಪೈಪು ತಂದೆಯವರ ಕಾಲದ್ದಲ್ಲ, ಸೋಲಾರ್ ಜೊತೆಗೆ ಬಂದದ್ದು. ನಿನ್ನೆ ಪ್ಲಂಬರ್ ಕೈಯಲ್ಲಿ 1993ರ ತಣ್ಣೀರಿನ ಲೈನಿನಿಂದ ಒಂದು ಅಡಿ, 2011ರ ಬಿಸಿನೀರಿನ ಲೈನಿನಿಂದ ಒಂದು ಅಡಿ ಕತ್ತರಿಸಿ, ಎರಡನ್ನೂ ಉದ್ದಕ್ಕೆ ಸೀಳಿಸಿದೆ. ಹಳೆಯದರ ಒಳಗೆ ಸುಣ್ಣ ಮತ್ತು ಕಂದು ತುಕ್ಕಿನ ಪದರವಿದೆ, ಕೆರೆದರೆ ಕೆಳಗೆ ಗಟ್ಟಿ ಕಬ್ಬಿಣ ಸಿಗುತ್ತದೆ. ಹೊಸದರ ಒಳಗೆ ಕಡಲೆಕಾಳಿನ ಗಾತ್ರದ ತುಕ್ಕಿನ ಗುಬ್ಬಿಗಳು, ಒಂದನ್ನು ಸ್ಕ್ರೂ ಡ್ರೈವರಿನಿಂದ ಎಬ್ಬಿಸಿದರೆ ಅದರಡಿಯಲ್ಲಿ ಆಳವಾದ ಗುಳಿ, ಗುಳಿಯ ತಳದಲ್ಲಿ ಆಚೆಯ ಬೆಳಕು ಕಾಣುತ್ತಿತ್ತು.

ಮಲ್ಲೇಶ್ವರದ ನಿವೃತ್ತ ಲೋಹತಜ್ಞ

ಮೊದಲು ತಾಮ್ರ, ಆಮೇಲೆ ಜಿಐ, ಮೇಲಾಗಿ ಬಿಸಿನೀರು. ಇದಕ್ಕಿಂತ ಕೆಟ್ಟ ಜೋಡಣೆಯನ್ನು ಬೇಕೆಂದೇ ಮಾಡಿದರೂ ಮಾಡಲಾಗದು. ಇನ್ನೊಂದು ವಿಷಯವಿದೆ: ನೀರು 60 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕೆಲವು ನೀರುಗಳಲ್ಲಿ ಸತು ಮತ್ತು ಕಬ್ಬಿಣದ ಪಾತ್ರಗಳು ಅದಲುಬದಲಾಗುತ್ತವೆ. ಕಾಯಬೇಕಾದ ಸತು ಸುಮ್ಮನೆ ಕೂತು, ಲೇಪನ ಹೋದಲ್ಲೆಲ್ಲ ಕಬ್ಬಿಣವೇ ಸವೆಯತೊಡಗುತ್ತದೆ. ಬಿಸಿಲಿನ ದಿನ ಬೆಂಗಳೂರಿನ ಸೋಲಾರ್ ನೀರು 60 ದಾಟುವುದು ದೊಡ್ಡ ಮಾತೇನಲ್ಲ.

ಯಲಹಂಕದ ಗುತ್ತಿಗೆದಾರ

ಸ್ವಲ್ಪ ತಡೆಯಿರಿ. ಆ ಎರಡು ತುಂಡುಗಳ ಹೊರಗಿನ ಪಟ್ಟಿಯ ಬಣ್ಣ ಯಾವುದು?

ವಿಜಯನಗರದ ಹಳೇ ಮನೆ

ಬಣ್ಣ ಬಹಳ ಮಾಸಿದೆ. ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಒರೆಸಿದ ಮೇಲೆ 1993ರದ್ದರ ಮೇಲೆ ನೀಲಿ, 2011ರದ್ದರ ಮೇಲೆ ಹಳದಿ ಕಾಣಿಸುತ್ತಿದೆ.

ಯಲಹಂಕದ ಗುತ್ತಿಗೆದಾರ

ನಾನು ಹೇಳಿದ್ದು ಇದನ್ನೇ. ನಿಮ್ಮ ತಂದೆಯವರು ಬಿ ಕ್ಲಾಸ್ ಹಾಕಿಸಿದರು, ಸೋಲಾರ್ ಹಾಕಿದವರು ಎ ಕ್ಲಾಸ್ ಹಾಕಿ ಕೈ ತೊಳೆದುಕೊಂಡರು. ತಾಮ್ರದ ಮೇಲೆ ದೂರು ಹೊರಿಸುವುದು ಸುಲಭ. ತಾಮ್ರದ ಫಲಕದಿಂದ ಸಿ ಕ್ಲಾಸ್ ಜಿಐ ಇಳಿಸಿ ಹದಿನೆಂಟು ವರ್ಷ ನಡೆದ ಮನೆಗಳು ನನ್ನ ಲೆಕ್ಕದಲ್ಲಿ ಹತ್ತಾದರೂ ಇವೆ.

ಮಲ್ಲೇಶ್ವರದ ನಿವೃತ್ತ ಲೋಹತಜ್ಞ

ದಪ್ಪ ಪೈಪು ತೂತಾಗಲು ಹೆಚ್ಚು ಕಾಲ ಬೇಕು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಗುಳಿ ಬಿದ್ದದ್ದು ತೆಳುವಾಗಿದ್ದರಿಂದಲ್ಲ. ಥ್ರೆಡ್ ಇಲ್ಲದ ನಡುಭಾಗದಲ್ಲೇ ಗುಳಿ ಆಚೆಗೆ ಕಂಡಿದೆ, ಅದನ್ನು ಗಮನಿಸಿ. ಬರೀ ದಪ್ಪದ ಪ್ರಶ್ನೆಯಾಗಿದ್ದರೆ ಥ್ರೆಡ್ ಮಾತ್ರ ಹೋಗಬೇಕಿತ್ತು.

ಯಲಹಂಕದ ಗುತ್ತಿಗೆದಾರ

ಥ್ರೆಡ್ ಹೋಗಿಯೇ ಅಲ್ಲವೇ ಅವರು ಇಲ್ಲಿಗೆ ಬಂದದ್ದು?

ವೈಟ್‌ಫೀಲ್ಡ್ ಅಪಾರ್ಟ್‌ಮೆಂಟ್ ಕಾರ್ಯದರ್ಶಿ

ಇಬ್ಬರೂ ಹಿರಿಯರು. ಎರಡೂ ಕಾರಣಗಳು ಸೇರಿಯೇ ಪೈಪು ಹೋಗಿರಬಾರದೇಕೆ? ಅವರಿಗೆ ಈಗ ಏನು ಮಾಡಬೇಕೆಂದು ಹೇಳಿ.

ಯಲಹಂಕದ ಗುತ್ತಿಗೆದಾರ

ಸಂಪಿನಿಂದ ಟ್ಯಾಂಕಿಗೆ ಮತ್ತು ಹೊರಗೋಡೆಯ ತಣ್ಣೀರಿಗೆ ಸಿ ಕ್ಲಾಸ್ ಜಿಐ, ಮ್ಯಾಲಿಯಬಲ್ ಫಿಟ್ಟಿಂಗ್. ಬಿಸಿಲು, ಏಣಿ, ಮಕ್ಕಳ ಕಾಲು ಎಲ್ಲವನ್ನೂ ತಡೆಯುತ್ತದೆ. ಪ್ರತಿ ಇಳಿಕೆಗೂ ಒಂದು ಯೂನಿಯನ್ ಹಾಕಿಸಿ, ಮುಂದೆ ಬಿಚ್ಚುವಾಗ ಇಡೀ ಲೈನ್ ಕತ್ತರಿಸಬೇಕಾಗುವುದಿಲ್ಲ. ಥ್ರೆಡ್ ಕೊರೆದ ಮೇಲೆ ಹೊರಗೆ ಉಳಿಯುವ ಹಸಿ ಭಾಗಕ್ಕೆ ಸತುವಿನ ಬಣ್ಣ ಬಳಿಸಿ, ಈ ಎರಡು ನಿಮಿಷದ ಕೆಲಸವನ್ನು ನೂರರಲ್ಲಿ ಒಬ್ಬ ಪ್ಲಂಬರ್ ಮಾಡಿದರೆ ಹೆಚ್ಚು. ಬಿಸಿನೀರಿನ ವಿಷಯದಲ್ಲಿ ನಾನು ಲೋಹತಜ್ಞರಿಗೆ ಸೋಲುತ್ತೇನೆ, ಅಲ್ಲಿ ಜಿಐ ಬೇಡ.

ಮಲ್ಲೇಶ್ವರದ ನಿವೃತ್ತ ಲೋಹತಜ್ಞ

ಧನ್ಯವಾದಗಳು. ಬಿಸಿನೀರಿಗೆ ತಾಮ್ರ ಅಥವಾ 316. ತಾಮ್ರದ ಪೈಪನ್ನು ಕಾಯಿಸಿ ಬೆಸೆಯುವ ಕೈ ನಮ್ಮ ಪ್ಲಂಬರ್‌ಗಳಲ್ಲಿ ಅಪರೂಪ, ಎಸಿ ಕೆಲಸದವರಿಗೆ ಅದು ಗೊತ್ತು. 316ರಲ್ಲಿ ಥ್ರೆಡ್ಡಿನ ಬದಲು ಯಂತ್ರದಿಂದ ಒತ್ತಿ ಕೂರಿಸುವ ಪ್ರೆಸ್ ಫಿಟ್ಟಿಂಗ್ ಇದೆ, ಒಳಗೆ ರಬ್ಬರ್ ಉಂಗುರ ಇರುತ್ತದೆ. ಸ್ಟೇನ್‌ಲೆಸ್ ಥ್ರೆಡ್ಡನ್ನು ಒಣಗಿದ್ದಾಗ ತಿರುಗಿಸಿದರೆ ಒಂದಕ್ಕೊಂದು ಕಚ್ಚಿಕೊಂಡು ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು, ಹಾಗಾಗಿ ಥ್ರೆಡ್ ಅನಿವಾರ್ಯವಾದಲ್ಲಿ ಟೆಫ್ಲಾನ್ ಟೇಪ್ ಮರೆಯಬೇಡಿ. ಸೋಲಾರ್ ಟ್ಯಾಂಕಿಗೆ ತಣ್ಣೀರು ಕೊಡುವ ಜಿಐ ಪೈಪು ನೇರವಾಗಿ ತಾಮ್ರಕ್ಕೋ ಸ್ಟೇನ್‌ಲೆಸ್‌ಗೋ ತಾಗದಂತೆ ನಡುವೆ ಒಂದು ಅಡಿ ಸಿಪಿವಿಸಿ ಹಾಕಿಸಿ. ಬಾಡಿಗೆದಾರರಿಗೂ ಸ್ವಲ್ಪ ಸಮಾಧಾನವಾಗಲಿ.

ಬಸವನಗುಡಿ ಬಾಡಿಗೆದಾರ

ಒಂದು ಅಡಿಯಾದರೂ ಸಿಕ್ಕಿತಲ್ಲ!

ರಾಜರಾಜೇಶ್ವರಿ ನಗರದ ಹೊಸ ಮನೆ

316 ಪ್ರೆಸ್ ಫಿಟ್ಟಿಂಗ್ ಬೆಲೆ ವಿಚಾರಿಸಿದ್ದೀರಾ? ಪೈಪಿಗಿಂತ ಎಲ್ಬೋಗೆ ಹೆಚ್ಚು ಖರ್ಚಾಗಿ ಮೂಗಿಗಿಂತ ಮೂಗುತಿ ಭಾರ ಆಗುತ್ತದೆ. ತಿರುವುಗಳನ್ನು ಎಣಿಸಿಕೊಂಡು ಹೊರಡಿ.

ವಿಜಯನಗರದ ಹಳೇ ಮನೆ

ಎಣಿಸಿದೆವು. ಹಳೇ ಬಿಸಿನೀರಿನ ಲೈನಿನಲ್ಲಿ ಹತ್ತೊಂಬತ್ತು ತಿರುವುಗಳಿದ್ದವು, ಪ್ಲಂಬರ್ ಜೊತೆ ಕೂತು ದಾರಿ ಬದಲಿಸಿದ ಮೇಲೆ ಹನ್ನೊಂದಕ್ಕೆ ಇಳಿಯಿತು. ಬಿಸಿನೀರಿಗೆ 316, ತಣ್ಣೀರಿಗೆ ಸಿ ಕ್ಲಾಸ್ ಜಿಐ, ಟ್ಯಾಂಕಿನ ಕೆಳಗಿನ ಎರಡು ಮುಖ್ಯ ವಾಲ್ವ್ ಗನ್‌ಮೆಟಲ್, ನಲ್ಲಿ ಕೂರುವಲ್ಲೆಲ್ಲ ಹಿತ್ತಾಳೆ. ಜೆ.ಪಿ.ನಗರದ ಮೇಡಂ ಹೇಳಿದಂತೆ ಮಗಳು ಪ್ರತಿ ಎಲ್ಬೋವನ್ನೂ ಲೋಟಕ್ಕೆ ಇಳಿಬಿಟ್ಟು ತೂಗಿದಳು, ಒಂದು ಮಾತ್ರ 7ಕ್ಕಿಂತ ಕೆಳಗೆ ಬಂತು. ಅಂಗಡಿಯವರು ಬದಲಿಸಿಕೊಟ್ಟರು.

ಯಲಹಂಕದ ಗುತ್ತಿಗೆದಾರ

ಒಂದು ಎಚ್ಚರಿಕೆ. ಕೆಲಸ ಮುಗಿಯುವ ದಿನ ಸಂಜೆ ಆರು ಗಂಟೆಗೆ ಎಲ್ಲೋ ಒಂದು ಕಡೆ ಒಂದೂವರೆ ಇಂಚು ಕಡಿಮೆ ಬೀಳುತ್ತದೆ. ಆಗ ಪ್ಲಂಬರ್ ಅಂಗಡಿಗೆ ಹೋಗುವುದಿಲ್ಲ, ಚೀಲಕ್ಕೆ ಕೈ ಹಾಕುತ್ತಾನೆ. ಆ ಹೊತ್ತಿನಲ್ಲಿ ನೀವು ಅಲ್ಲಿರಬೇಕು.

ವಿಜಯನಗರದ ಹಳೇ ಮನೆ

ಸರ್, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಇವತ್ತು ಕೊನೆಯ ದಿನವಾಗಿತ್ತು. ಆರು ಗಂಟೆಗೆ ನಾನು ಕಾಫಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಗೀಸರಿನ ಬಿಸಿನೀರಿನ ಬಾಯಿ ಮತ್ತು 316 ಎಲ್ಬೋ ನಡುವೆ ಒಂದು ನಿಪ್ಪಲ್ ಕೂತಿತ್ತು, ಮೇಲೆ ಅಚ್ಚುಕಟ್ಟಾಗಿ ಟೆಫ್ಲಾನ್ ಸುತ್ತಿತ್ತು. ನೋಡಲು ಎಲ್ಲದರಂತೆಯೇ ಬೆಳ್ಳಗಿತ್ತು. ಎಸ್.ಜೆ.ಪಿ. ರಸ್ತೆ ಗಿರಾಕಿಯವರ ಮಾತು ನೆನಪಾಗಿ ಫ್ರಿಜ್ಜಿನ ಬಾಗಿಲಲ್ಲಿದ್ದ ಗಣಪತಿ ಮ್ಯಾಗ್ನೆಟ್ ತಂದು ಹಿಡಿದೆ. ಎಲ್ಬೋಗೆ ಅಂಟಲಿಲ್ಲ, ನಿಪ್ಪಲ್ಲಿಗೆ ಟಕ್ಕನೆ ಅಂಟಿಕೊಂಡಿತು. ಪ್ಲಂಬರ್ ನಕ್ಕು, ಅದನ್ನು ಬಿಚ್ಚಿ ಮತ್ತೆ ಚೀಲಕ್ಕೆ ಹಾಕಿಕೊಂಡರು. ನಾಳೆ ಬೆಳಿಗ್ಗೆ 316ರ ನಿಪ್ಪಲ್ ತಂದು ಕೂರಿಸುವವರೆಗೂ ಗೀಸರ್ ಬಂದ್, ಒಲೆಯ ಮೇಲೆ ಹಂಡೆ ಇಟ್ಟಿದ್ದೇವೆ.

ಎಸ್.ಜೆ.ಪಿ. ರಸ್ತೆ ಗಿರಾಕಿ

ಲೋಹತಜ್ಞರು ಇದನ್ನು ಓದಿದರೆ ಸಾಕು ನನಗೆ.